ಉತ್ತರದಿಂದ ಇಳಿದು ಮತ್ತೆ ಹಾಸನಕ್ಕೆ

ಕರ್ನಾಟಕ ಸುತ್ತಲು ಹೊರಟವರು ಹಾಸನದಲ್ಲಿ ಸಾಮಾನ್ಯವಾಗಿ ಒಂದು ರಾತ್ರಿ ಮಲಗುತ್ತಾರೆ, ಅಷ್ಟೇ. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು, ಸಂಜೆಗೆ ಮುಂದಿನ ಊರಿನ ಬಸ್ಸು. ಬೆನ್ನಿಗೆ ಬ್ಯಾಗು ಹಾಕಿಕೊಂಡು ಮೈಸೂರಿನಿಂದ ಹೊರಟ ನಾನು ಮಳೆಗಾಲದ ಕೊನೆಯಲ್ಲಿ ಇಲ್ಲಿಗೆ ಬಂದಾಗ ಹಾಗೆ ಮಾಡಲಿಲ್ಲ. ಒಂದು ರಾತ್ರಿ ಎಂದು ಬಂದವಳು ಉಳಿದುಬಿಟ್ಟೆ. ಆಮೇಲೆ ಚಿಕ್ಕಮಗಳೂರು, ಶಿವಮೊಗ್ಗ, ಬಳ್ಳಿಗಾವಿ, ಹಾವೇರಿ, ಗದಗ, ಬಾದಾಮಿ, ವಿಜಯಪುರ, ಕಲಬುರಗಿ ಅಂತ ಬೀದರ್‌ವರೆಗೂ ಹೋದೆ. ಅಲ್ಲಿಂದ ತಿರುಗಿ ರಾಯಚೂರು, ಹಂಪಿ ನೋಡಿಕೊಂಡು ಕೆಳಗೆ ಇಳಿಯುವಾಗ ಡಿಸೆಂಬರ್ ಬಂದಿತ್ತು. ಮುಂದೆ ಕರಾವಳಿಗೆ ಹೋಗಬೇಕಿತ್ತು. ಹಂಪಿಯಿಂದ ಕರಾವಳಿಗೆ ಬೇಕಾದಷ್ಟು ದಾರಿ ಇದೆ. ನಾನು ಹಾಸನದ ದಾರಿ ಹಿಡಿದೆ.

ದೊಡ್ಡ ಊರುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಯಾಕೆ ಅಂತ ಕೇಳಿದವರಿಗೆ ಮೊದಲ ಸಲ ಸರಿಯಾಗಿ ಹೇಳಲು ಬಂದಿರಲಿಲ್ಲ. ಈ ಸಲ ಹೇಳಬಲ್ಲೆ.

ಭಾನುವಾರ: ಅರಸೀಕೆರೆ

ಹೊಸಪೇಟೆಯಿಂದ ದಾವಣಗೆರೆಗೆ ಬಸ್ಸಿನಲ್ಲಿ ಬಂದು ರಾತ್ರಿ ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಬೆಣ್ಣೆದೋಸೆ ತಿಂದು ರೈಲು ಹತ್ತಿದೆ. ಬೀರೂರು, ಕಡೂರು ದಾಟುವ ಹೊತ್ತಿಗೆ ಕಿಟಕಿಯ ಆಚೆ ತೆಂಗು ಶುರುವಾಯಿತು. ಅರಸೀಕೆರೆ ಬಂದರೆ ಎಲ್ಲಿ ನೋಡಿದರೂ ತೆಂಗೇ. ಎರಡು ತಿಂಗಳು ಜೋಳ, ತೊಗರಿ, ಹತ್ತಿ ನೋಡಿದ ಕಣ್ಣಿಗೆ ಆ ಹಸಿರು ಬಲು ಹಿತವಾಗಿತ್ತು.

ಅರಸೀಕೆರೆಯನ್ನು ಎಲ್ಲರೂ ಜಂಕ್ಷನ್ ಎಂದೇ ನೆನಪಿಟ್ಟುಕೊಂಡಿದ್ದಾರೆ. ಆದರೆ ಊರಲ್ಲಿ ಸುಮಾರು 1220ರ ಈಶ್ವರ ದೇವಾಲಯ ಇದೆ. ಜನ ಶಿವಾಲಯ ಅನ್ನುತ್ತಾರೆ. ಅದರ ಮುಂದಿನ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರದ ಆಕಾರದಲ್ಲಿದೆ, ಮೇಲೆ ಗುಮ್ಮಟದಂಥ ಚಾವಣಿ. ಬೇಲೂರು, ಹಳೇಬೀಡಿನಲ್ಲಿ ಕೂಡ ಇಂಥದ್ದು ಇಲ್ಲ. ಬ್ಯಾಗನ್ನು ಕಂಬಕ್ಕೆ ಒರಗಿಸಿ ಆ ಚಾವಣಿಯ ಕೆಳಗೆ ಕೂತೆ. ನನ್ನ ಬಿಟ್ಟರೆ ಅಲ್ಲಿ ಇದ್ದವರು ಇಬ್ಬರು ಹುಡುಗರು. ಪರೀಕ್ಷೆಗೆ ಓದುತ್ತಿದ್ದರು. ‘ಇಲ್ಲಿ ಗಲಾಟೆ ಇರಲ್ಲ ಅಕ್ಕ, ದಿನಾ ಬರ್ತೀವಿ’ ಅಂದರು.

ಆ ಮಂಟಪದಲ್ಲಿ ಕೂತಾಗಲೇ ಈ ಸಲದ ಹಾಸನ ಬೇರೆ ಥರ ಇರುತ್ತದೆ ಅನ್ನಿಸಿತು. ಕಾರಣ ಕಂಬಗಳು. ತಿರುಗಣೆಯಲ್ಲಿ ಕಡೆದಂತೆ ನುಣ್ಣಗಿರುವ, ಬಳೆ ಬಳೆಯಾಗಿ ಕೊರೆದ ಕಂಬಗಳು. ಮೊದಲ ಸಲ ಬಂದಾಗ ಇವನ್ನು ‘ಹೊಯ್ಸಳ ಕಂಬ’ ಎಂದುಕೊಂಡಿದ್ದೆ. ಈಗ ಇದೇ ಕಂಬಗಳನ್ನು ಗದಗದ ಲಕ್ಕುಂಡಿಯಲ್ಲಿ ಮುಟ್ಟಿ ಬಂದಿದ್ದೇನೆ, ಕೊಪ್ಪಳದ ಇಟಗಿಯಲ್ಲಿ ನೋಡಿ ಬಂದಿದ್ದೇನೆ. ಅವು ಕಲ್ಯಾಣ ಚಾಲುಕ್ಯರ ಕಾಲದವು. ಹೊಯ್ಸಳರು ಆಗ ಆ ಚಾಲುಕ್ಯರ ಸಾಮಂತರು. ಅಂದರೆ ಕಲೆ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬಂದ ದಾರಿಯಲ್ಲೇ ನಾನೂ ಈಗ ಇಳಿದು ಬಂದಿದ್ದೇನೆ.

ಹಾಸನದ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿದೆ, ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದು ಕೊಟ್ಟರು. ಈ ಟಿಕೆಟ್ಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ರಾಜ್ಯದ ಒಳಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಅದಿಲ್ಲದಿದ್ದರೆ ನನ್ನ ಈ ಪ್ರವಾಸ ಇಷ್ಟು ಉದ್ದ ಆಗುತ್ತಿರಲಿಲ್ಲ. ಉಳಿದ ದುಡ್ಡೆಲ್ಲ ಊಟಕ್ಕೆ, ರೂಮಿಗೆ ಆಯಿತು. ದಾರಿಯುದ್ದಕ್ಕೂ ಬಸ್ಸುಗಳಲ್ಲಿ ಧರ್ಮಸ್ಥಳಕ್ಕೆ, ಸವದತ್ತಿಗೆ, ಮಗಳ ಮನೆಗೆ, ಸುಮ್ನೆ ಊರು ನೋಡಲು ಹೊರಟ ಹೆಂಗಸರು ಸಿಕ್ಕರು. ಅವರಲ್ಲಿ ಎಷ್ಟೋ ಜನ ಮೊದಲ ಸಲ ತಮ್ಮ ಜಿಲ್ಲೆ ದಾಟಿದವರು. ಅವರ ಜೊತೆ ಕೂತು ಬಂದದ್ದು ನನಗೆ ಯಾವ ಗುಡಿಗಿಂತಲೂ ಕಡಿಮೆಯದಲ್ಲ.

ಹಾಸನದಲ್ಲಿ ಇಳಿದಾಗ ಸಂಜೆ ಆಗಿತ್ತು. ಗಾಳಿ ತಣ್ಣಗಿತ್ತು. ಹಿಂದಿನ ಸಲ ಉಳಿದಿದ್ದ ಚಿಕ್ಕ ಲಾಡ್ಜಿಗೇ ಹೋದೆ. ಅದನ್ನು ನೋಡಿಕೊಳ್ಳುವ ಅಮ್ಮ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

‘ಬೀದರ್‌ಗೆ ಹೋಗ್ತೀನಿ ಅಂದಿದ್ಯಲ್ಲ, ಹೋಗ್ಬಂದ್ಯಾ?’

‘ಹೋಗ್ಬಂದೆ ಅಮ್ಮ.’

‘ಸೊರಗಿದ್ದೀಯ. ಅದೇ ರೂಮ್ ಖಾಲಿ ಇದೆ. ಮೊದ್ಲು ಮುಖ ತೊಳ್ಕೊ, ಬಿಸಿನೀರು ಬರ್ತದೆ.’

ಸೋಮವಾರ: ಊರಲ್ಲೇ

ತಿಂಗಳುಗಟ್ಟಲೆ ಸುತ್ತುವವರಿಗೆ ಆಗಾಗ ಏನೂ ನೋಡದ ಒಂದು ದಿನ ಬೇಕು. ಅದಕ್ಕೆ ಹಾಸನಕ್ಕಿಂತ ಒಳ್ಳೆಯ ಊರು ನನಗೆ ಸಿಕ್ಕಿಲ್ಲ. ಬಟ್ಟೆ ಒಗೆದು ಮಹಡಿಯ ಮೇಲೆ ಹರವಿದೆ. ಹರಿದ ಬ್ಯಾಗಿನ ಪಟ್ಟಿಯನ್ನು ಚಪ್ಪಲಿ ಹೊಲಿಯುವವರ ಹತ್ತಿರ ಹೊಲಿಸಿದೆ. ಓದಿ ಮುಗಿಸಿದ ಪುಸ್ತಕ, ಬೀದರಿನಲ್ಲಿ ಕೊಂಡ ಚಿಕ್ಕ ಬಿದ್ರಿ ಡಬ್ಬಿ ಎಲ್ಲವನ್ನೂ ಪಾರ್ಸೆಲ್ ಮಾಡಿ ಅಂಚೆಯಲ್ಲಿ ಮನೆಗೆ ಕಳಿಸಿದೆ. ಎಲ್ಲಾ ಕೆಲಸ ನಡೆದುಕೊಂಡೇ ಆಯಿತು. ಎಲ್ಲಾ ಸೌಕರ್ಯ ಇರುವಷ್ಟು ದೊಡ್ಡದು, ನಡೆದು ಮುಗಿಸುವಷ್ಟು ಚಿಕ್ಕದು ಈ ಊರು.

ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದುಂಟು. ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಎತ್ತರ. ಪಶ್ಚಿಮಕ್ಕೆ ಹೋದರೆ ಸಕಲೇಶಪುರದ ಮಲೆನಾಡು, ಪೂರ್ವಕ್ಕೆ ಹೋದರೆ ಅರಸೀಕೆರೆ, ಚನ್ನರಾಯಪಟ್ಟಣದ ಬಯಲುಸೀಮೆ. ಎರಡರ ನಡುವೆ ಇರುವುದರಿಂದ ಇಲ್ಲಿನ ಊಟದಲ್ಲೂ ಎರಡೂ ಇದೆ. ಒಂದು ಹೋಟೆಲಿನಲ್ಲಿ ಅಕ್ಕಿ ರೊಟ್ಟಿ, ಕಡುಬು. ಪಕ್ಕದಲ್ಲೇ ಇನ್ನೊಂದರಲ್ಲಿ ಮುದ್ದೆ, ಬಸ್ಸಾರು.

ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅವರೆಕಾಯಿ ರಾಶಿ ರಾಶಿ ಬಿದ್ದಿತ್ತು. ಘಮ ರಸ್ತೆಗೇ ಬರುತ್ತಿತ್ತು. ಒಬ್ಬರು ಅಜ್ಜಿ ಕಾಯಿ ಸುಲಿಯುತ್ತಾ ಕೂತಿದ್ದರು. ‘ಮೂಸಿ ನೋಡವ್ವ. ಇಬ್ಬನಿ ಚೆನ್ನಾಗಿ ಬಿದ್ದದೆ, ಸೊಗಡು ಜಾಸ್ತಿ’ ಅಂದರು. ನನಗೆ ಅಡುಗೆಮನೆ ಇಲ್ಲ ಅಂದೆ. ‘ಉಳ್ಕೊಂಡಿರೋ ಮನೆಯವ್ರಿಗೆ ಕೊಡು, ಮಾಡ್ಕೊಡ್ತಾರೆ’ ಅಂದು ತೂಕಕ್ಕೇ ಹಾಕಿಬಿಟ್ಟರು. ಅವರು ಹೇಳಿದಂತೆಯೇ ಆಯಿತು. ರಾತ್ರಿ ಲಾಡ್ಜಿನ ಅಮ್ಮ ತಮ್ಮ ಮನೆಯವರಿಗೆ ಮಾಡಿದ ಅವರೆಕಾಳಿನ ಸಾರನ್ನೇ ನನಗೂ ಬಡಿಸಿದರು. ಮುದ್ದೆ ಮುರಿದು ಆ ಸಾರಿನಲ್ಲಿ ಅದ್ದಿ ನುಂಗಿದಾಗ, ಎರಡು ತಿಂಗಳ ಹೋಟೆಲ್ ಊಟದ ದಣಿವು ಇಳಿಯಿತು.

ಮಧ್ಯಾಹ್ನ ಹಾಸನಾಂಬ ಗುಡಿಗೆ ಹೋಗಿದ್ದೆ. ಬಾಗಿಲು ಮುಚ್ಚಿತ್ತು. ವರ್ಷಕ್ಕೆ ಒಂದೇ ಸಲ, ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ, ಬಾಳೆಕಂದು ಕಡಿದು ಈ ಬಾಗಿಲು ತೆಗೆಯುತ್ತಾರೆ. ದೀಪಾವಳಿಯ ಬಲಿಪಾಡ್ಯಮಿ ಆದ ಮೇಲೆ ಮತ್ತೆ ಹಾಕುತ್ತಾರೆ. ಒಳಗಿರುವುದು ಕಡೆದ ವಿಗ್ರಹ ಅಲ್ಲ, ಹುತ್ತದ ರೂಪದ ದೇವಿಯರು. ಸಪ್ತಮಾತೃಕೆಯರಲ್ಲಿ ಮೂವರು ಇಲ್ಲಿ ಹುತ್ತದಲ್ಲಿ, ಮೂವರು ಊರಿನ ದೇವಿಗೆರೆಯಲ್ಲಿ, ಒಬ್ಬಳು ಕೆಂಚಮ್ಮನ ಹೊಸಕೋಟೆಯಲ್ಲಿ ನೆಲೆಸಿದರು ಎಂಬುದು ಇಲ್ಲಿನ ಜನರ ನಂಬಿಕೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಉರಿಯುತ್ತಿರುತ್ತದೆ ಎಂದೂ ನಂಬುತ್ತಾರೆ. ಮೊದಲ ಸಲ ನಾನು ಬಂದದ್ದು ಬಾಗಿಲು ತೆಗೆಯುವ ಮುಂಚೆ, ಈಗ ಬಂದದ್ದು ಹಾಕಿದ ಮೇಲೆ. ಆದರೂ ಬೇಸರ ಆಗಲಿಲ್ಲ. ಉತ್ಸವದ ದಿನಗಳಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವ ಆ ಅಂಗಳದಲ್ಲಿ ಈಗ ಜಾಗ ಧಾರಾಳವಾಗಿತ್ತು. ಒಬ್ಬ ತಾಯಿ ಮುಚ್ಚಿದ ಬಾಗಿಲಿಗೇ ಮಗುವಿನ ಹಣೆ ತಾಗಿಸಿ, ಕುಂಕುಮ ಇಟ್ಟುಕೊಂಡು ಹೊರಟರು. ಅವರಿಗೆ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಮುಖ್ಯ ಆಗಿರಲಿಲ್ಲ.

ಸಂಜೆ ಮಹಾರಾಜ ಪಾರ್ಕಿನಲ್ಲಿ ವಾಕಿಂಗ್ ಬಂದ ಹಿರಿಯರ ಪಕ್ಕ ಕೂತೆ. ಸ್ವೆಟರ್, ಮಫ್ಲರ್ ಹಾಕಿಕೊಂಡು ಆಲೂಗಡ್ಡೆ ದರ ಮಾತಾಡುತ್ತಿದ್ದರು. ಹಾಸನ ಆಲೂಗಡ್ಡೆಯ ಜಿಲ್ಲೆ. ಹೇಮಾವತಿ ನೀರು, ಕಾಫಿ ರೇಟು, ಆಲೂಗಡ್ಡೆಯ ಅಂಗಮಾರಿ ರೋಗ, ಇವಿಷ್ಟು ಬರದೆ ಇಲ್ಲಿ ಯಾವ ಮಾತೂ ಮುಗಿಯುವುದಿಲ್ಲ.

ಮಂಗಳವಾರ: ದೊಡ್ಡಗದ್ದವಳ್ಳಿ, ಬೇಲೂರು

ಬೇಲೂರು ಬಸ್ಸಿನಲ್ಲಿ ಅರ್ಧದಾರಿಗೆ ಇಳಿದು ದೊಡ್ಡಗದ್ದವಳ್ಳಿಗೆ ನಡೆದೆ. ದಾರಿಯಲ್ಲಿ ಮಂಜು ಇನ್ನೂ ಎದ್ದಿರಲಿಲ್ಲ. ಹುರುಳಿ ಒಕ್ಕಣೆ ನಡೆದಿತ್ತು. ರಸ್ತೆಯ ಮೇಲೇ ಗಿಡ ಹರವಿದ್ದರು, ವಾಹನಗಳು ಅದರ ಮೇಲೆ ಹೋಗಿ ಕಾಳು ಬಿಡಿಸಬೇಕು.

ಈ ಊರಿನ ಲಕ್ಷ್ಮೀದೇವಿ ಗುಡಿ ನನಗೆ ಇಡೀ ಜಿಲ್ಲೆಯಲ್ಲಿ ಹೆಚ್ಚು ಪ್ರಿಯವಾದದ್ದು. ಕೆರೆಯ ದಂಡೆ, ಕಲ್ಲಿನ ಎತ್ತರದ ಪೌಳಿ, ಒಳಗೆ ಒಂದೇ ಮಂಟಪಕ್ಕೆ ತೆರೆದುಕೊಳ್ಳುವ ನಾಲ್ಕು ಗರ್ಭಗುಡಿಗಳು. ರಾಜ ಕಟ್ಟಿಸಿದ್ದಲ್ಲ ಇದು. 1113ರಲ್ಲಿ ಕುಲ್ಲಹಣ ರಾಹುತ ಎಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಬೇಲೂರಿನ ಚೆನ್ನಕೇಶವನಿಗಿಂತ ನಾಲ್ಕು ವರ್ಷ ಹಳೆಯದು. ಗೋಡೆಯ ಮೇಲೆ ಶಿಲ್ಪಗಳ ಗದ್ದಲ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರುವ ಸಾದಾ ಶಿಖರಗಳೇ ಜಾಸ್ತಿ. ಕಾಳಿಯ ಗರ್ಭಗುಡಿಯ ಬಾಗಿಲಲ್ಲಿ ಮಾತ್ರ ಎಲುಬು ಎದ್ದು ಕಾಣುವ ಇಬ್ಬರು ಬೇತಾಳರು ನಿಂತಿದ್ದಾರೆ. ಬೆಳಕು ಕಡಿಮೆ ಇರುವ ಆ ಮೂಲೆಯಲ್ಲಿ ಅವರನ್ನು ಕಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ 1113 ಎಂಬ ಇಸವಿ ಮೊದಲ ಸಲ ನನಗೆ ಬರೀ ಒಂದು ಅಂಕಿ. ಈ ಸಲ ಅದು ಬೇರೆಯಾಗಿ ಕೇಳಿಸಿತು. ಯಾಕೆಂದರೆ ಇಟಗಿಯ ಮಹಾದೇವ ದೇವಾಲಯ 1112ರದು. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅದನ್ನು ಅಲ್ಲಿನ ಶಾಸನ ‘ದೇವಾಲಯ ಚಕ್ರವರ್ತಿ’ ಎಂದೇ ಕರೆದಿದೆ. ಅದರ ಮುಂದೆ ನಿಂತು ಇನ್ನೂ ಒಂದು ತಿಂಗಳಾಗಿಲ್ಲ ನನಗೆ. ಅಲ್ಲಿ ಕೆತ್ತನೆ ಅದರ ತುದಿ ಮುಟ್ಟಿರುವಾಗ, ಇಲ್ಲಿ ಸಾಮಂತರ ನಾಡಿನಲ್ಲಿ ಒಬ್ಬ ವ್ಯಾಪಾರಿ ಇಷ್ಟು ಸರಳವಾದ ಗುಡಿ ಎಬ್ಬಿಸುತ್ತಿದ್ದ. ನಾಲ್ಕೇ ವರ್ಷದಲ್ಲಿ ಬೇಲೂರು! ಆ ನಾಲ್ಕು ವರ್ಷದಲ್ಲಿ ಏನಾಯಿತು ಎಂಬುದೇ ಈ ವಾರವಿಡೀ ನನ್ನ ತಲೆಯಲ್ಲಿ ತಿರುಗುತ್ತಿದ್ದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರದ ಒಂದು ಭಾಗ ಬೇಲೂರಿನಲ್ಲೇ ಇದೆ, ಚೆನ್ನಕೇಶವನ ಗುಡಿಯ ಮದನಿಕೆಯರ, ಅಂದರೆ ಕಂಬದ ತುದಿಯ ಹೆಣ್ಣು ಶಿಲ್ಪಗಳ, ಕಾಲಬುಡದಲ್ಲಿ. ಎಲ್ಲರೂ ಕತ್ತೆತ್ತಿ ಮುಖ ನೋಡುತ್ತಾರೆ, ಗೈಡ್‌ಗಳೂ ಟಾರ್ಚ್ ಬಿಡುವುದು ಕನ್ನಡಿ ಹಿಡಿದವಳ ಮುಖಕ್ಕೆ. ಪೀಠದ ಮೇಲೆ ಚಿಕ್ಕ ಅಕ್ಷರದಲ್ಲಿ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಗೆದ್ದ ಹೊಯ್ಸಳ ದೊರೆ ವಿಷ್ಣುವರ್ಧನ ಮರುವರ್ಷವೇ ಇಲ್ಲಿ ವಿಜಯನಾರಾಯಣನನ್ನು, ಅಂದರೆ ಈ ಚೆನ್ನಕೇಶವನನ್ನು, ಪ್ರತಿಷ್ಠೆ ಮಾಡಿದ. ಇಂಥ ಕೆಲಸಕ್ಕೆ ಆಗಲೇ ಪಳಗಿದ ಕೈ ಬೇಕು. ಆ ಕೈಗಳು ಬಂದದ್ದು ಚಾಲುಕ್ಯರ ನಾಡಿನ ಬಳ್ಳಿಗಾವಿಯಿಂದ. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ಕೇದಾರೇಶ್ವರನ ಗುಡಿ ನೋಡಿ, ಕೆರೆ ಏರಿಯ ಮೇಲೆ ನಡೆದು ಬಂದಿದ್ದೇನೆ. ಹಾಗಾಗಿ ದಾಸೋಜನ ಹೆಸರು ಈ ಸಲ ನನಗೆ ನೆಂಟರ ಹೆಸರು ಕೇಳಿದ ಹಾಗೆ ಕೇಳಿಸಿತು. ಅವರು ತಂದೆ ಮಗ ಉಳಿ, ಸುತ್ತಿಗೆ ಹೊತ್ತು ಈ ದಾರಿಯಲ್ಲಿ ಬಂದರು. ರಾಜನ ಹೆಸರಿನ ಜೊತೆ ತಮ್ಮ ಊರಿನ ಹೆಸರನ್ನೂ ಕಲ್ಲಿನಲ್ಲಿ ಉಳಿಸಿದರು. ಬಹಳ ದೊಡ್ಡ ವಿಷಯ ಅಲ್ವಾ ಇದು?

ಕಲ್ಲಿಗೂ ಇದರಲ್ಲಿ ಪಾಲಿದೆ. ಬಾದಾಮಿಯ ಮರಳುಗಲ್ಲಿನಲ್ಲಿ ಕೂದಲೆಳೆಯಷ್ಟು ಸಣ್ಣ ಕೆಲಸ ಮಾಡುವುದು ಕಷ್ಟ. ಇಲ್ಲಿರುವುದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮದನಿಕೆಯ ಬಳೆ ಕೈಯಿಂದ ಬೇರೆಯಾಗಿ ನಿಂತಿರುವುದು, ಜಡೆಯ ಹೆಣಿಗೆ ಎಣಿಸಲು ಬರುವುದು ಇದರಿಂದಲೇ.

ಬುಧವಾರ: ಹಳೇಬೀಡು

ಡಿಸೆಂಬರ್ ಶಾಲಾ ಪ್ರವಾಸದ ತಿಂಗಳು. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಅಂಗಳದ ತುಂಬಾ ಸಮವಸ್ತ್ರ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಹೊರಗಿನವರೂ ಜಾಸ್ತಿ ಕಾಣುತ್ತಾರೆ. ಆದರೆ ಈ ಗುಡಿಗೆ ಜೀವ ಬರುವುದು ಮಕ್ಕಳು ಬಂದಾಗ. ಅವರ ಎತ್ತರಕ್ಕೆ ಸರಿಯಾಗಿ ಆನೆಗಳ ಸಾಲು ಇದೆ. ದೊಡ್ಡವರು ಮೇಲಿನ ದೇವರುಗಳನ್ನು ನೋಡುವಾಗ ಮಕ್ಕಳು ಆನೆಗಳನ್ನು ಮುಟ್ಟುತ್ತಾ ಓಡುತ್ತಾರೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು, ಮೇಲೆ ಮಕರ, ಹಂಸ. ಒಂದು ಆನೆಯ ಹಾಗೆ ಇನ್ನೊಂದಿಲ್ಲ.

ಆನೆಗಳ ಹತ್ತಿರ ಒಬ್ಬಳು ಹುಡುಗಿ ನನ್ನ ಬ್ಯಾಗು ನೋಡಿ ನಿಂತಳು.

‘ಅಕ್ಕಾರ, ನೀವು ಒಬ್ಬಾಕೀನ ಬಂದೀರೇನ್ರಿ?’

ಹೂಂ ಅಂದೆ. ಎಲ್ಲಿಂದ ಬಂದಿರಿ ಅಂತ ಕೇಳಿದರೆ ಕುಕನೂರು ಅಂದಳು. ಇಟಗಿ ನೋಡಿದ್ದೀನಿ ಅಂದೆ. ಅವಳ ಕಣ್ಣು ಅರಳಿತು. ‘ಇಟಗಿ ನಮ್ಮೂರ ಬಾಜೂನ ಐತ್ರೀ. ಅದೂ ಹಿಂಗ ಐತಿ, ಆದ್ರ ಇಲ್ಲಿ ಮಂದಿ ಭಾಳ.’ ಎಂಟನೇ ತರಗತಿಯ ಹುಡುಗಿ. ‘ಹಿಂಗ ಐತಿ’ ಎಂದು ಅವಳು ಕಣ್ಣಲ್ಲೇ ಕಂಡುಕೊಂಡದ್ದನ್ನು ನಾನು ಎಷ್ಟೋ ಊರು ಸುತ್ತಿ ಕಂಡುಕೊಂಡಿದ್ದೆ. ಅವಳ ಮೇಷ್ಟ್ರನ್ನು ಕರೆದು, ಸಾರ್, ಈ ಮಗುವಿಗೆ ಇಟಗಿಯ ಇಸವಿ, ಇಲ್ಲಿಯ ಇಸವಿ ಎರಡೂ ಬರೆಸಿ ಅಂದೆ. ಇಟಗಿ 1112, ಹೊಯ್ಸಳೇಶ್ವರ ಸುಮಾರು 1121. ಅವರು ಸಂತೋಷದಿಂದ ಇಡೀ ತರಗತಿಗೇ ಬರೆಸಿದರು.

ಗುಡಿಯ ದಕ್ಷಿಣಕ್ಕಿರುವ ಗರುಡಗಂಬದ ಹತ್ತಿರ ಯಾರೂ ಇರಲಿಲ್ಲ. ಇಮ್ಮಡಿ ವೀರಬಲ್ಲಾಳನ ಅಂಗರಕ್ಷಕ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಒಡೆಯ ಸತ್ತರೆ ತಾವೂ ಬದುಕಿರುವುದಿಲ್ಲ ಎಂದು ಮಾತು ಕೊಟ್ಟವರು ಗರುಡರು. ರಾಜ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ, ಸಂಗಡಿಗರು ಪ್ರಾಣ ಕೊಟ್ಟರು. ಕಂಬದ ಸುತ್ತ ಚೂರಿ ಹಿಡಿದ, ತಲೆ ಕೊಯ್ದುಕೊಳ್ಳುವ ಚಿಕ್ಕ ಆಕೃತಿಗಳಿವೆ. ಆ ನಿಷ್ಠೆಯನ್ನು ಹೊಗಳಲು ನನಗೆ ಮನಸ್ಸು ಬರುವುದಿಲ್ಲ. ಆ ಹೆಂಡತಿಯನ್ನು ಯಾರಾದರೂ ಕೇಳಿದ್ದರೇ ಎಂದು ಪ್ರತಿ ಸಲವೂ ಅನ್ನಿಸುತ್ತದೆ.

ಮಧ್ಯಾಹ್ನದ ಮೇಲೆ ಬಸ್ತಿಹಳ್ಳಿಗೆ ನಡೆದೆ. ಗುಡಿಯಿಂದ ಹತ್ತಿರ, ಆದರೂ ಟೂರಿಸ್ಟ್ ಬಸ್ಸುಗಳು ನಿಲ್ಲುವುದಿಲ್ಲ. ಅಲ್ಲಿನ ಪಾರ್ಶ್ವನಾಥ ಬಸದಿ 1133ರದು. ವಿಷ್ಣುವರ್ಧನನಿಗಾಗಿ ತಲಕಾಡು ಗೆದ್ದ ಸೇನಾಪತಿ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ ಕಟ್ಟಿಸಿದ್ದು. ಕಪ್ಪು ಕಂಬಗಳು ಈಗಲೂ ಕನ್ನಡಿಯಷ್ಟು ನುಣುಪು, ಮುಖ ಕಾಣುತ್ತದೆ. ಬಸದಿಯ ಪ್ರತಿಷ್ಠೆಯ ಪ್ರಸಾದ ಕೈಗೆ ಬಂದ ಹೊತ್ತಿಗೇ ಯುದ್ಧ ಗೆದ್ದ ಸುದ್ದಿ ಮತ್ತು ಮಗ ಹುಟ್ಟಿದ ಸುದ್ದಿ ಎರಡೂ ಬಂದವು. ಅದಕ್ಕೆ ವಿಷ್ಣುವರ್ಧನ ದೇವರಿಗೆ ವಿಜಯಪಾರ್ಶ್ವ, ಮಗನಿಗೆ ವಿಜಯನರಸಿಂಹ ಎಂದು ಹೆಸರಿಟ್ಟ. ಶಾಸನ ಹೇಳುವ ಈ ಕಥೆಯನ್ನು ಕಾವಲಿನವರು ನನಗೆ ಎರಡನೇ ಸಲ ಅಷ್ಟೇ ಪ್ರೀತಿಯಿಂದ ಹೇಳಿದರು.

ಹಳೇಬೀಡು ಎಂದರೆ ಹಾಳಾದ ರಾಜಧಾನಿ ಎಂದೇ ಓದಿರುತ್ತೇವೆ. 1311ರಲ್ಲಿ ಮಲಿಕ್ ಕಾಫರ್ ದಾಳಿ, ಆಮೇಲೆ ಇನ್ನೊಂದು. ಆ ರಾಜಧಾನಿ ದೋರಸಮುದ್ರದ ಕೆರೆ ಮಾತ್ರ ಇಂದಿಗೂ ಅಲ್ಲೇ ಇದೆ. ಅದರ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದರು, ಮೀನು ಹಿಡಿಯುತ್ತಿದ್ದರು.

ಗುರುವಾರ: ಶೆಟ್ಟಿಹಳ್ಳಿ

ಬಸ್ಸು ಕಡಿಮೆ, ಆಟೋ ಮಾಡಿಕೊಂಡು ಹೋದೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚ್, ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ವರ್ಷದ ಅರ್ಧ ಭಾಗ ಮುಳುಗಿರುತ್ತದೆ. ಮಳೆಗಾಲದ ಕೊನೆಯಲ್ಲಿ ನೀರಿನ ನಡುವೆ ನಿಂತಿದ್ದನ್ನು ದೂರದಿಂದ ನೋಡಿದ್ದೆ. ಈಗ ನೀರು ಸ್ವಲ್ಪ ಇಳಿದಿತ್ತು, ಸುತ್ತ ಕೆಸರು. ಚಾವಣಿ ಇಲ್ಲದ ಕಮಾನುಗಳು, ಮೇಲೆ ಕೂತ ಹಕ್ಕಿಗಳು. ಫೋಟೋಗೆ ಬಂದವರೇ ಜಾಸ್ತಿ. ಗೋಡೆ ವರ್ಷ ವರ್ಷವೂ ನೀರು ಕುಡಿದು ಸಡಿಲವಾಗುತ್ತಿದೆ. ದಯವಿಟ್ಟು ಯಾರೂ ಹತ್ತಬೇಡಿ. ಆಟೋದವರು ಹಿನ್ನೀರಿನ ಕಡೆ ಕೈ ತೋರಿಸಿ, ‘ನಮ್ಮ ತಾತನ ಗದ್ದೆ ಅಲ್ಲಿತ್ತು ಮೇಡಂ’ ಅಂದರು. ಮುಳುಗಿದ್ದು ಬರೀ ಚರ್ಚ್ ಅಲ್ಲ, ಹಳ್ಳಿಗಳು.

ಶುಕ್ರವಾರ: ಶ್ರವಣಬೆಳಗೊಳದ ಚಿಕ್ಕಬೆಟ್ಟ

ಚನ್ನರಾಯಪಟ್ಟಣದಲ್ಲಿ ಬಸ್ಸು ಬದಲಿಸಿ ಬೆಳಗೊಳ ತಲುಪಿದೆ. ಹಿಂದಿನ ಸಲ ವಿಂಧ್ಯಗಿರಿ ಹತ್ತಿ ಗೊಮ್ಮಟನನ್ನು ನೋಡಿದ್ದೆ. 58 ಅಡಿಯ ಆ ನಿಲುವನ್ನು, ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಎಂದು ಪಾದದ ಬಳಿ ಕೊರೆದ ಸಾಲನ್ನು ಮರೆಯಲು ಆಗುವುದಿಲ್ಲ. ಈ ಸಲ ಅವನಿಗೆ ಕೆಳಗಿನಿಂದಲೇ ಕೈಮುಗಿದು ಎದುರಿನ ಚಂದ್ರಗಿರಿ ಹತ್ತಿದೆ. ಊರಿನವರಿಗೆ ಅದು ಚಿಕ್ಕಬೆಟ್ಟ. ನೂರು ಜನ ಅತ್ತ ಹೋದರೆ ಇತ್ತ ಬರುವವರು ಇಬ್ಬರೋ ಮೂವರೋ.

ಈ ಬೆಟ್ಟದ ಬಂಡೆಗಳ ಮೇಲೆ ನಡೆಯುವಾಗ ಕಾಲ ಕೆಳಗೇ ಅಕ್ಷರಗಳಿವೆ. ಸಲ್ಲೇಖನ ವ್ರತ ಹಿಡಿದು, ಅಂದರೆ ಉಪವಾಸವಿದ್ದು, ಇಲ್ಲಿ ದೇಹ ಬಿಟ್ಟವರ ನಿಸಿದಿ ಶಾಸನಗಳು. ಸುತ್ತ ಬೇಲಿ ಹಾಕಿ, ಗಾಜು ಮುಚ್ಚಿ ಕಾಪಾಡಿದ್ದಾರೆ. ಅವುಗಳಲ್ಲಿ ಏಳನೇ ಶತಮಾನದ ನಂದಿಸೇನ ಮುನಿಯ ಶಾಸನ ಒಂದು ಪದ್ಯ. ರೂಪ, ಸುಖ, ಹಣ, ವೈಭವ ಎಲ್ಲ ಕಾಮನಬಿಲ್ಲಿನಂತೆ, ಮಿಂಚಿನ ಬಳ್ಳಿಯಂತೆ, ಮಂಜಿನಂತೆ ತೋರಿ ಬೇಗ ಹರಿದುಹೋಗುತ್ತವೆ, ಯಾರಿಗೂ ನಿಲ್ಲುವುದಿಲ್ಲ ಎಂದು ಹೇಳುತ್ತದೆ. ಪಂಪ ಹುಟ್ಟುವ ಇನ್ನೂರು ವರ್ಷಕ್ಕೂ ಮೊದಲು ಯಾರೋ ಇಷ್ಟು ಚೆನ್ನಾಗಿ ಕನ್ನಡದಲ್ಲಿ ಬರೆದಿದ್ದಾರೆ! ಬಿಸಿಲು ಏರುವವರೆಗೆ ಅಲ್ಲೇ ಕೂತಿದ್ದೆ.

ಬೆಟ್ಟದ ಮೇಲಿನ ಸವತಿಗಂಧವಾರಣ ಬಸದಿ 1123ರಲ್ಲಿ ಶಾಂತಲೆ ಕಟ್ಟಿಸಿದ್ದು. ಕತ್ತಲೆ ಬಸದಿ ಗಂಗರಾಜ ತನ್ನ ತಾಯಿಗಾಗಿ ಕಟ್ಟಿಸಿದ್ದು. ಎದುರಿನ ಬೆಟ್ಟದಲ್ಲಿ ಗೊಮ್ಮಟನ ಸುತ್ತಾಲಯವೂ ಅದೇ ಗಂಗರಾಜನದು. ಬುಧವಾರ ಹಳೇಬೀಡಿನಲ್ಲಿ ಮಗ ನೆನೆದ ಅಪ್ಪನನ್ನು ಶುಕ್ರವಾರ ಇಲ್ಲಿ ಮಗನಾಗಿ ಕಂಡೆ.

ನಾನು ಮುಖ್ಯವಾಗಿ ಬಂದದ್ದು ಚಂದ್ರಗುಪ್ತ ಬಸದಿಗೆ. ಅದರ ಮುಂದೆ ಕಲ್ಲಿನ ಜಾಲಂಧ್ರಗಳಿವೆ. ಭದ್ರಬಾಹು ಮುನಿ ಮತ್ತು ಚಂದ್ರಗುಪ್ತ ಮೌರ್ಯ ಈ ಬೆಟ್ಟಕ್ಕೆ ಬಂದ ಕಥೆಯನ್ನು ಚಿಕ್ಕ ಚಿಕ್ಕ ಚೌಕಗಳಲ್ಲಿ ಕೆತ್ತಿದ್ದಾರೆ. ನಡುವೆ ಗಾಳಿ ಬೆಳಕಿಗೆ ಕಿಂಡಿ. ಅಲ್ಲಿ ಒಂದು ಹೆಸರಿದೆ: ದಾಸೋಜ. ಬೇಲೂರಿನ ದಾಸೋಜನೇ ಇರಬೇಕು ಎಂಬುದು ಶಾಸನ ಓದಿದವರ ಮಾತು. ಬಳ್ಳಿಗಾವಿ, ಬೇಲೂರು, ಬೆಳಗೊಳ. ಅರ್ಚಕರು ನನ್ನ ಕುತೂಹಲ ನೋಡಿ ಹತ್ತಿರ ಬಂದರು. ‘ಸಾಮಾನ್ಯವಾಗಿ ಇದನ್ನ ಯಾರೂ ಕೇಳೋದಿಲ್ಲಮ್ಮ’ ಎಂದು ತಾವೇ ಒಂದೊಂದು ಚೌಕದ ಕಥೆ ಹೇಳಿದರು. ಶಿವಗುಡಿಗಳ ಊರಿನಿಂದ ಬಂದವನು ಬೇಲೂರಿನಲ್ಲಿ ವಿಷ್ಣುವಿಗೆ, ಇಲ್ಲಿ ಜಿನನಿಗೆ ಕೆತ್ತಿದ. ಅವನ ಉಳಿಗೆ ಭೇದ ಇರಲಿಲ್ಲ.

ಹಾಸನಕ್ಕೆ ವಾಪಸು ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಕ್ಕನಿಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವರು ನುಗ್ಗೇಹಳ್ಳಿಯವರು. ‘ನಮ್ಮೂರಲ್ಲೂ ಹಂಗೇ ಕೆತ್ತಿರೋ ಗುಡಿ ಅದೆ, ಬನ್ನಿ’ ಎಂದು ಕರೆದರು. ಈ ಜಿಲ್ಲೆಯಲ್ಲಿ ಹೀಗೆಯೇ. ಕೋರವಂಗಲ, ಮೊಸಳೆ, ಹಾರನಹಳ್ಳಿ, ಜಾವಗಲ್, ನುಗ್ಗೇಹಳ್ಳಿ, ಬಸ್ಸಿನ ಬೋರ್ಡಿನಲ್ಲಿ ಕಾಣುವ ಹಳ್ಳಿಗಳಲ್ಲೆಲ್ಲ ಗುಡಿ ಇದೆ. ಎಲ್ಲಕ್ಕೂ ಹಾಸನದಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಬ್ಯಾಗು ಹೊರಬೇಕಾಗಿಲ್ಲ. ಬಂದಾಗ ಬಿಸಿನೀರು, ಪರಿಚಯದ ಮುಖ. ಈ ಊರಲ್ಲಿ ಒಂದು ರಾತ್ರಿ ಸಾಲದು ಎಂದು ನಾನು ಕಂಡವರಿಗೆಲ್ಲ ಹೇಳುವುದು ಇದಕ್ಕೇ. ಸಾಧ್ಯವಾದರೆ ಮೊದಲು ಲಕ್ಕುಂಡಿ, ಇಟಗಿ, ಬಳ್ಳಿಗಾವಿ ನೋಡಿ, ಆಮೇಲೆ ಇಲ್ಲಿಗೆ ಬನ್ನಿ. ಕಲ್ಲುಗಳು ಒಂದಕ್ಕೊಂದು ಮಾತಾಡುವುದು ಕೇಳಿಸುತ್ತದೆ.

ಶನಿವಾರ

ಊರಲ್ಲೇ ಇದ್ದೆ. ಟಿಪ್ಪಣಿ ಬರೆದೆ. ಕಾಫಿಪುಡಿ ಅಂಗಡಿಯಲ್ಲಿ ಆಗಷ್ಟೇ ಹುರಿದ ಬೀಜದ ಘಮಕ್ಕೆ ನಿಂತು, ಲಾಡ್ಜಿನ ಅಮ್ಮನಿಗೆ ಕಾಲು ಕೆಜಿ ಬೀಸಿಸಿಕೊಂಡೆ. ಅವರು ತಗೊಳ್ಳಲು ಒಪ್ಪಲಿಲ್ಲ. ಕೊನೆಗೆ ‘ಹಾಸನಾಂಬ ಬಾಗಿಲು ತೆಗೆಯೋವಾಗ ಬರೋದಾದ್ರೆ ತಗೋತೀನಿ. ಆಗ ಲಾಡ್ಜಲ್ಲಿ ಜಾಗ ಇರಲ್ಲ, ನಮ್ಮನೇಲೇ ಇರು’ ಎಂಬ ಷರತ್ತಿನ ಮೇಲೆ ತಗೊಂಡರು.

ಭಾನುವಾರ: ಘಟ್ಟ ಇಳಿದು

ಮಂಗಳೂರು ಕಡೆಯ ಹಗಲು ರೈಲು. ಸಕಲೇಶಪುರದವರೆಗೆ ಕಾಫಿ ತೋಟ, ಹಣ್ಣು ಕೊಯ್ಲು ನಡೆದಿತ್ತು. ಕೆಂಪು ಹಣ್ಣಿನ ಮೂಟೆಗಳು ರಸ್ತೆ ಬದಿಗೆ ಬಂದಿದ್ದವು. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 57 ಸುರಂಗ. ಪ್ರತಿ ಸುರಂಗಕ್ಕೂ ಬೋಗಿಯ ಹುಡುಗರೆಲ್ಲ ಕೂಗು ಹಾಕಿದರು, ನಾನೂ ಸೇರಿಕೊಂಡೆ. ಎಡಕುಮೇರಿ ಕಳೆದ ಮೇಲೆ ಗಾಳಿ ಬಿಸಿಯಾಗುತ್ತಾ ಬಂತು, ಸ್ವೆಟರ್ ಬಿಚ್ಚಿ ಬ್ಯಾಗಿಗೆ ತುರುಕಿದೆ.

ನಾಳೆ ಮೂಡುಬಿದಿರೆ. ಸಾವಿರ ಕಂಬದ ಬಸದಿ, 1430ರದು. ಅಲ್ಲಿ ಬಳಪದ ಕಲ್ಲಿಲ್ಲ, ಗಟ್ಟಿ ಗ್ರಾನೈಟು. ಮಳೆಗೆ ಇಳಿಜಾರು ಮಾಡು. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ. ಕಂಬಗಳಿಂದಲೇ ಶುರು ಮಾಡಬೇಕು.